ಉಪವಾಸದ ಉಪ್ಪು

ನನ್ನ ಸಾಂಬಾರಿಗೆ ಉಪ್ಪು ಹೆಚ್ಚಾಯಿತೆಂದೋ ಕಡಿಮೆಯಾಯಿತೆಂದೋ ಹೇಳಿದ ಗಿರಾಕಿ ಸಾಂತಾಕ್ರೂಜ್‌ನಲ್ಲಿ ಹುಟ್ಟಿರಲಿಲ್ಲ. ಇದು ಜಂಬದ ಮಾತಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಜಂಬ ಕೊಚ್ಚುವುದಕ್ಕೆ ಕಾಲೇಜಿನ ಸರ್ಟಿಫಿಕೇಟು ಬೇಕು, ನಾನು ನಾಲ್ಕನೆಯ ಕ್ಲಾಸಿಗೇ ವಿದ್ಯೆಗೆ ಶರಣು ಹೊಡೆದವನು. ಉಡುಪಿ ಕಡೆಯಿಂದ ಬೊಂಬಾಯಿಗೆ ಬಂದು, ಮೊದಲು ತಟ್ಟೆ ತೊಳೆದು, ಆಮೇಲೆ ಕಾಯಿ ತುರಿದು, ಆಮೇಲೆ ಹಿಟ್ಟು ರುಬ್ಬಿ, ಕೊನೆಗೆ ಸಾಂತಾಕ್ರೂಜ್ ಸ್ಟೇಷನ್ ಹತ್ತಿರದ ಹೋಟೆಲೊಂದರ ಒಲೆಯ ಮುಂದೆ ನಿಂತೆ. ಒಲೆಯ ಮುಂದೆ ನಿಂತವನು ಎಲ್ಲರಿಗೂ ‘ಭಟ್ರು’. ನಮ್ಮ ಧಣಿಗಳು ಕೂಡ ನನ್ನನ್ನು ಹಾಗೆಯೇ ಬಹುವಚನದಲ್ಲಿ ಕರೆಯುತ್ತಿದ್ದರು, ಸಂಬಳ ಹೆಚ್ಚಿಸಿ ಎಂದು ಕೇಳುವವರೆಗೆ.

ನಮ್ಮಲ್ಲಿ ಅಡುಗೆ ಮಾಡುವವನು ರುಚಿ ನೋಡುವ ಹಾಗಿಲ್ಲ. ಮೊದಲ ಸೌಟು ದೇವರ ಪಟದ ಮುಂದೆ. ಅದಕ್ಕೂ ಮೊದಲು ನಾಲಗೆಗೆ ತಾಗಿಸಿದರೆ ಎಂಜಲು. ಕುದಿಯುವ ವಾಸನೆಯಲ್ಲಿ ಉಪ್ಪು ಗೊತ್ತಾಗಬೇಕು, ಗೊತ್ತಾಗುತ್ತಿತ್ತು. ಇಂಥವನ ಮಗಳಿಗೆ ಉಪ್ಪೇ ಆಗದಂಥ ಕಾಯಿಲೆ ಕೊಡೋಣ ಎಂದು ದೇವರಿಗೆ ತೋರಿತು. ಅವನಿಗೂ ಹೊತ್ತು ಹೋಗಬೇಕಲ್ಲ.

ಎಪ್ಪತ್ತರ ಆಚೀಚೆಯ ಮಾತು. ಮಗಳಿಗೆ ಆಗ ಆರು ವರ್ಷ. ಬೆಳಿಗ್ಗೆ ಎದ್ದಾಗ ಅವಳ ಮುಖ ಉಬ್ಬಿರುತ್ತಿತ್ತು. ಅಂಧೇರಿಯ ನಮ್ಮ ಚಾಳಿನಲ್ಲಿ ಎಲ್ಲರೂ ಮೆಚ್ಚಿಕೊಂಡರು. ಅಡುಗೆಯವರ ಮಗಳಲ್ಲವೇ, ಮೈ ತುಂಬಿಕೊಂಡಿದ್ದಾಳೆ ಎಂದರು. ನಾನೂ ಹಿಗ್ಗಿದೆ. ಆಮೇಲೆ ರೆಪ್ಪೆ ಊದಿ ಕಣ್ಣು ತೆರೆಯದಾಯಿತು, ಹೊಟ್ಟೆ ಬಿಂದಿಗೆಯ ಹಾಗಾಯಿತು, ಕಾಲನ್ನು ಬೆರಳಲ್ಲಿ ಒತ್ತಿದರೆ ನಾದಿದ ಹಿಟ್ಟಿನಲ್ಲಿ ಒತ್ತಿದ ಹಾಗೆ ಗುಳಿ ಉಳಿಯತೊಡಗಿತು. ಆಗ ಮೆಚ್ಚಿಕೊಂಡವರೆಲ್ಲ ಡಾಕ್ಟರಾದರು. ಒಬ್ಬರು ಕಾಮಾಲೆ ಎಂದರು, ಇನ್ನೊಬ್ಬರು ಹೊಟ್ಟೆಹುಳ ಎಂದರು, ಮತ್ತೊಬ್ಬರು ದೃಷ್ಟಿ ತಾಗಿದೆ ಎಂದರು. ದೃಷ್ಟಿ ಎಂದವರೇ ಮೊದಲು ಮೈ ತುಂಬಿಕೊಂಡಿದ್ದಾಳೆ ಎಂದವರಾದ್ದರಿಂದ ಅವರ ಮಾತನ್ನು ಪೂರ್ತಿ ತೆಗೆದುಹಾಕುವ ಹಾಗಿರಲಿಲ್ಲ. ಕೊನೆಗೆ ಅವಳನ್ನು ಹೆಗಲಿಗೆ ಹಾಕಿಕೊಂಡು ಲೋಕಲ್ ಹತ್ತಿ ಪೇಟೆಯೊಳಗಿನ ದೊಡ್ಡ ಸರಕಾರಿ ಆಸ್ಪತ್ರೆಗೆ ಹೋದೆವು.

ಅಲ್ಲಿನ ದೊಡ್ಡ ಡಾಕ್ಟರು ಬೆಳಿಗ್ಗೆ ಒಂದು ಸುತ್ತು ಬರುತ್ತಿದ್ದರು. ಹಿಂದೆ ಬಿಳಿ ಕೋಟಿನ ಹುಡುಗ ಹುಡುಗಿಯರ ಮೆರವಣಿಗೆ. ಅವರು ಮಗಳ ಹೊಟ್ಟೆಯ ಮೇಲೆ ಬೆರಳಿಟ್ಟು ಟಕಟಕ ಹೊಡೆಯುವರು, ಇಂಗ್ಲಿಷಿನಲ್ಲಿ ಏನೋ ಕೇಳುವರು, ಯಾರಿಗೂ ಉತ್ತರ ಬಾರದಿದ್ದರೆ ಬಹಳ ಸಂತೋಷಪಡುವರು. ನಾವು ಗಂಡ ಹೆಂಡತಿ ಗೋಡೆಗೆ ಅಂಟಿ ನಿಂತಿರುತ್ತಿದ್ದೆವು. ಮಗಳು ನಮ್ಮವಳು ಎಂಬುದು ಮೆರವಣಿಗೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಒಂದು ದಿನ ಹೋಗುತ್ತಾ ಹೋಗುತ್ತಾ ಅವರು ನನ್ನ ಕಡೆ ತಿರುಗಿ ‘ನಮಕ್ ಬಂದ್’ ಎಂದರು. ಅಷ್ಟೇ. ನನ್ನ ಅಷ್ಟು ವರ್ಷದ ಕಸುಬನ್ನು ಎರಡು ಶಬ್ದದಲ್ಲಿ ಬಂದ್ ಮಾಡಿ ಮುಂದಿನ ಮಂಚಕ್ಕೆ ಹೋದರು.

ಉಳಿದದ್ದನ್ನು ಹೇಳಿದವರು ವಾರ್ಡಿನ ಸಿಸ್ಟರು. ಅವರು ಮಂಗಳೂರು ಕಡೆಯ ಕ್ರಿಸ್ತುವರು, ನಮಗಿಂತ ಹತ್ತು ವರ್ಷ ದೊಡ್ಡವರು, ಕನ್ನಡಕದ ಮೇಲಿನಿಂದ ನೋಡುವವರು. ಹೆಂಡತಿ ನನ್ನ ಹತ್ತಿರ ಕನ್ನಡದಲ್ಲಿ ಪಿಸುಗುಡುವುದನ್ನು ಕೇಳಿಸಿಕೊಂಡು, ಕೈಯಲ್ಲಿದ್ದ ಸೂಜಿಯ ಟ್ರೇ ಕೆಳಗಿಡದೆಯೇ, ನೀವು ಉಂಡಿದ್ದೀರಾ ಎಂದು ಅವಳನ್ನು ಕೇಳಿದರು. ಹೆಂಡತಿಗೆ ಅಳು ಬಂತು. ಆ ಆಸ್ಪತ್ರೆಗೆ ಬಂದ ಮೇಲೆ ಮಗಳು ಎಷ್ಟು ಮೂತ್ರ ಮಾಡಿದಳು ಎಂದು ಎಲ್ಲರೂ ಕೇಳಿದ್ದರು, ತಾಯಿ ಊಟ ಮಾಡಿದಳೇ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನನಗೆ ದಿನಕ್ಕೆ ನೂರಾರು ಜನರ ಊಟದ ಚಿಂತೆ ಇರುತ್ತಿತ್ತು. ಅವತ್ತಿನಿಂದ ಹೆಂಡತಿಗೆ ಅವರು ‘ಬಾಯಮ್ಮ’. ಊರಿನಲ್ಲಿ ಕ್ರಿಸ್ತುವರ ಹೆಂಗಸರನ್ನು ನಾವು ಕರೆಯುವುದು ಹಾಗೆ.

ಸಿಸ್ಟರಿಗೆ ಒಂದು ಹುಚ್ಚಿತ್ತು. ವಾರ್ಡಿನಲ್ಲಿ ತಿಂಗಳುಗಟ್ಟಲೆ ಮಲಗುವ ಮಕ್ಕಳ ತಾಯಂದಿರನ್ನು ಮಧ್ಯಾಹ್ನ ವರಾಂಡದಲ್ಲಿ ಕೂರಿಸಿ ಪಾಠ ಮಾಡುವುದು. ಯಾರು ಯಾವಾಗ ಸ್ನಾನಕ್ಕೆ ಹೋಗಬೇಕು, ಆಗ ಯಾರ ಮಗುವನ್ನು ಯಾರು ನೋಡಿಕೊಳ್ಳಬೇಕು, ಮಗು ಸೂಜಿಗೆ ಅತ್ತರೆ ತಾಯಿ ಏನು ಮಾಡಬೇಕು, ಏನು ಮಾಡಬಾರದು, ಎಲ್ಲದಕ್ಕೂ ಪಾಠ. ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ನಾನು ಓಡಿ ಬರುವ ಹೊತ್ತೂ ಅದೇ. ಬಂದವನನ್ನು ಹಿಡಿದು ಹೆಂಗಸರ ಸಾಲಿನಲ್ಲಿ ಕೂರಿಸಿದರು. ಮೇಷ್ಟ್ರ ಬೆತ್ತಕ್ಕೂ ಬಗ್ಗದೆ ಶಾಲೆ ಬಿಟ್ಟವನು ಅಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತೆ.

ಪಾಠವಾದರೂ ಎಂಥದ್ದು! ಮಗುವಿನ ಬೆಳಗಿನ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ತುಂಬಿ, ಮೇಲ್ಭಾಗವನ್ನು ಉರಿಗೆ ಹಿಡಿದು ಕುದಿಸಿ, ಆಸಿಡಿನ ಹನಿ ಬಿಡುವುದು. ತಿಳಿಯಾಗಿದ್ದರೆ ಒಳ್ಳೆಯದು. ಬೆಳ್ಳಗೆ ಮೊಸರಾದರೆ ಮೈಯ ಸತ್ವ ಸೋರಿ ಹೋಗುತ್ತಿದೆ ಎಂದು ಅರ್ಥ. ಸತ್ವ ಹೋದ ಮೈಯಲ್ಲಿ ನೀರು ನಿಲ್ಲುತ್ತದೆ, ಉಪ್ಪು ಆ ನೀರನ್ನು ಹಿಡಿದು ಕೂರಿಸುತ್ತದೆ. ಇದು ಒಂದು ವಾರದ ಕಾಯಿಲೆಯಲ್ಲ, ವರ್ಷಗಟ್ಟಲೆ ಬಂದು ಹೋಗುವ ನೆಂಟ, ಆದ್ದರಿಂದ ಮನೆಯಲ್ಲೇ ಕಾಯಬೇಕು ಎಂದರು. ನಾನು ಮುಖ ಕಿವಿಚಿದೆ. ಸಾಂಬಾರು ಕುದಿಸುವ ಕೈಯಲ್ಲಿ ಇದನ್ನು ಕುದಿಸುವುದೇ?

“ಎಂತ ಭಟ್ರೇ, ಹಾಲು ಒಡೆಯೂದು ನೀವು ಕಂಡಿಲ್ವಾ?” ಎಂದರು ಸಿಸ್ಟರು. “ಇಲ್ಲಿರುವ ಎಲ್ರಿಗಿಂತ ಮೊದ್ಲು ನಿಮ್ಗೆ ಗೊತ್ತಾಗ್ಬೇಕು.”

ಹೊಗಳಿಕೆಗೆ ಸೋಲುವ ಜಾತಿ ನನ್ನದು. ಕಲಿತೆ. ಮೂರು ವಾರದಲ್ಲಿ ಮಗಳ ಊತ ಇಳಿಯಿತು. ನಳಿಗೆ, ಆಸಿಡಿನ ಪುಟ್ಟ ಬಾಟಲಿ, ಒಂದು ರಾಶಿ ಮಾತ್ರೆ ಹಿಡಿದುಕೊಂಡು ಮನೆಗೆ ಬಂದೆವು. ನಳಿಗೆಯಲ್ಲಿ ಇನ್ನೂ ಸ್ವಲ್ಪ ಬೆಳ್ಳಗೆ ಬರುತ್ತಿತ್ತು, ಮಾತ್ರೆ ಮುಂದುವರಿಸಿ, ಉಪ್ಪು ಮಾತ್ರ ಬೇಡವೇ ಬೇಡ ಎಂದಿದ್ದರು.

ಆ ಮಾತ್ರೆಯ ಗುಣ ಏನೆಂದರೆ ವಿಪರೀತ ಹಸಿವು. ಮಗಳು ಎದ್ದಾಗಿನಿಂದ ಮಲಗುವವರೆಗೆ ಹಸಿವು ಹಸಿವು ಎನ್ನುವಳು, ತಟ್ಟೆ ಮುಂದಿಟ್ಟರೆ ಒಂದು ತುತ್ತು ಬಾಯಿಗಿಟ್ಟು ಉಗುಳುವಳು. ಸಪ್ಪೆ ಅನ್ನ, ಸಪ್ಪೆ ತೊವ್ವೆ, ಸಪ್ಪೆ ಪಲ್ಯ. ಸ್ಟೇಷನ್ನಿನಲ್ಲಿ ಇಳಿದವರು ವಾಸನೆ ಹಿಡಿದು ಹುಡುಕಿಕೊಂಡು ಬರುವ ಅಡುಗೆಯನ್ನು ಮಾಡುವವನ ಮಗಳು ಅಪ್ಪನ ಕೈ ಅಡುಗೆಗೆ ಮುಖ ತಿರುಗಿಸುವುದನ್ನು ನಾನು ನಾಲ್ಕು ದಿನ ನೋಡಿದೆ. ಐದನೆಯ ದಿನ ನನ್ನ ಬುದ್ಧಿ ಕೆಲಸ ಮಾಡಿತು.

ನಮ್ಮ ಹೋಟೆಲಿಗೆ ಗುಜರಾತಿ, ಮರಾಠಿ ಗಿರಾಕಿಗಳು ಬಹಳ. ಏಕಾದಶಿ ದಿನ, ಶ್ರಾವಣದ ಸೋಮವಾರ, ಉಪವಾಸ ಎಂದು ಹೇಳಿಕೊಂಡು ಬಂದು ಸಬ್ಬಕ್ಕಿಯ ಸಾಬುದಾಣಾ ಖಿಚಡಿ ತಿನ್ನುವರು. ಉಪವಾಸ ಇಲ್ಲದ ದಿನಕ್ಕಿಂತ ಎರಡರಷ್ಟು ತಿನ್ನುವರು. ಆ ಖಿಚಡಿಗೆ ಮಾಮೂಲಿ ಉಪ್ಪು ಹಾಕುವ ಹಾಗಿಲ್ಲ, ಉಪವಾಸ ಕೆಡುತ್ತದೆ. ಅದಕ್ಕೆ ಸೈಂಧವ, ನಸುಗೆಂಪು ಕಲ್ಲು, ಕುಟ್ಟಿ ಪುಡಿ ಮಾಡಿದ್ದು. ಅದರ ಡಬ್ಬಿ ಬೇರೆ, ಚಮಚ ಬೇರೆ. ಉಪ್ಪು ಮುಟ್ಟಿದ ಕೈಯನ್ನು ಅದಕ್ಕೆ ಹಾಕಿದರೆ ನಾನೇ ಬೈಯುತ್ತಿದ್ದೆ. ಅಂದಮೇಲೆ ಅದು ಉಪ್ಪಲ್ಲ ಎಂಬುದು ಸ್ಪಷ್ಟವಾಯಿತಲ್ಲ. ಉಪ್ಪು ಬಿಟ್ಟ ದಿನ ಇಡೀ ಬೊಂಬಾಯಿ ತಿನ್ನುವ ಪದಾರ್ಥ ಉಪ್ಪು ಹೇಗಾದೀತು? ಒಂದು ಚಿಕ್ಕ ಡಬ್ಬಿ ಮನೆಗೆ ತಂದೆ. ಹೆಂಡತಿ ದೇವರಿಗೆ ಕೈ ಮುಗಿದು ನನ್ನ ತಲೆಯನ್ನು ಮೆಚ್ಚಿದಳು. ಮಗಳು ತಟ್ಟೆ ನೆಕ್ಕಿದಳು. ಡಾಕ್ಟರುಗಳಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ನಾನು ಮರುಗಿದೆ.

ಹದಿನೈದು ದಿನದಲ್ಲಿ ಅವಳ ಹೊಟ್ಟೆ ಮತ್ತೆ ಬಿಂದಿಗೆಯಾಯಿತು. ಮತ್ತೆ ಹೆಗಲು, ಮತ್ತೆ ಲೋಕಲ್, ಮತ್ತೆ ಅದೇ ವಾರ್ಡು. ಈ ಸಲ ಜ್ವರವೂ ಇತ್ತು. ಹೊಟ್ಟೆಯ ನೀರಿಗೆ ನಂಜು ಹಿಡಿದಿದೆ ಎಂದರು, ಆಮೇಲೆ ಎರಡು ದಿನ ಯಾರೂ ನಮ್ಮ ಮುಖ ನೋಡಿ ಮಾತಾಡಲಿಲ್ಲ. ಜ್ವರ ಇಳಿದ ಮೇಲೆ ಸಿಸ್ಟರು ನಮ್ಮನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು. ಇನ್ನೊಂದು ಸಲ ಹೀಗೆ ನೀರು ತುಂಬಿ ನಂಜಾದರೆ ಉಳಿಸಿಕೊಳ್ಳುವುದು ಕಷ್ಟ. ಇಲ್ಲಿ ಆಸ್ಪತ್ರೆಯ ಊಟದಲ್ಲಿ ಇಳಿಯುತ್ತದೆ, ನಿಮ್ಮ ಮನೆಯಲ್ಲಿ ಏರುತ್ತದೆ. ಉಪ್ಪು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುವವರೆಗೆ ನಾನು ಇವಳನ್ನು ಕಳಿಸುವುದಿಲ್ಲ.

ನಾನು ಎದೆ ಸೆಟೆಸಿ, ನಮ್ಮ ಮನೆಯಲ್ಲಿ ಅವಳ ಪಾತ್ರೆಗೆ ಒಂದು ಹರಳು ಉಪ್ಪು ಬಿದ್ದಿಲ್ಲ ಎಂದೆ. ನಿಜವನ್ನೇ ಹೇಳಿದ್ದೆ. ಹಾಗಾದರೆ ಉಪ್ಪು ಹೊರಗಿನಿಂದಲೇ ಬರಬೇಕಲ್ಲ. ಹೊರಗೆ ಎಂದರೆ ಪಕ್ಕದ ಖೋಲಿ.

ಪಕ್ಕದ ಖೋಲಿಯಲ್ಲಿ ವಿಜಾಪುರ ಕಡೆಯ ಒಂದು ಸಂಸಾರ. ಗಂಡ ಬಿಲ್ಡಿಂಗ್ ಕಟ್ಟುವಲ್ಲಿ ಗೌಂಡಿ, ಹೆಂಡತಿ ಅಲ್ಲೇ ಬುಟ್ಟಿ ಹೊರುವವಳು. ಮಗಳು ದಿನದ ಅರ್ಧ ಹೊತ್ತು ಅವರ ಹೊಸ್ತಿಲಲ್ಲೇ ಇರುತ್ತಿದ್ದಳು. ನಾನು ಅವತ್ತೇ ಗ್ಯಾಲರಿಯಲ್ಲಿ ನಿಂತು, ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರೆಲ್ಲ ಕೇಳುವ ಹಾಗೆ, ಯಾರ ಮನೆಯ ಚಟ್ನಿಪುಡಿ ಉಪ್ಪಿನಕಾಯಿ ತಿಂದು ನನ್ನ ಮಗಳು ಸಾಯುವ ಹಾಗಾಯಿತೋ ಅವರಿಗೆ ಒಳ್ಳೆಯದಾಗಲಿ ಎಂದೆ. ಆ ಹೆಂಗಸು ಸೊಂಟಕ್ಕೆ ಸೆರಗು ಬಿಗಿದು ಎದುರು ಬಂದಳು.

“ಭಟ್ಟರ, ನಿಮ್ಮ ಕೂಸಿಗೆ ಉಪ್ಪ ಕೊಡಬಾರದಂತ ನಿಮ್ಮ ಮನಿಯಾಗಿನ ವೈನಿ ನನಗ ಹೇಳ್ಯಾರ. ನನ್ನ ಹೊಟ್ಟಿಯೊಳಗ ಹುಟ್ಟಿದ್ದಕ್ಕ ಕೊಟ್ಟೇನು, ಅಕಿಗೆ ಕೊಟ್ಟಿಲ್ಲ. ನಿಮ್ಮ ಒಲಿ ಮುಂದ ಏನ ನಡದೈತಿ ನೋಡ್ಕೊರಿ.”

ನನ್ನ ಒಲೆಯ ಬಗ್ಗೆ ಬುಟ್ಟಿ ಹೊರುವವಳು ಮಾತಾಡಿದಳು. ಎರಡು ದಿನ ನನಗೆ ಊಟ ಸೇರಲಿಲ್ಲ.

ಭಾನುವಾರ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿಕೊಂಡು ಸಿಸ್ಟರು ನಮ್ಮ ಚಾಳಿಗೆ ಬಂದರು. ಅವರ ಮನೆಯೂ ಅಂಧೇರಿಯಲ್ಲೇ ಎಂದು ಆಗ ಗೊತ್ತಾಯಿತು. ಬಿಳಿ ಡ್ರೆಸ್ಸಿಲ್ಲದೆ ಹೂವಿನ ಸೀರೆಯಲ್ಲಿ, ಬಗಲಲ್ಲಿ ಕೊಡೆ. ಇಡೀ ಗ್ಯಾಲರಿ ಹೊರಗೆ ಬಂದು ನಿಂತಿತು. ನಮ್ಮ ಚಾಳಿಗೆ ಆಸ್ಪತ್ರೆಯವರು ಬಂದದ್ದು ಅದಕ್ಕೂ ಮೊದಲು ಸಿಡುಬಿನ ಕಾಲದಲ್ಲಿ ಮಾತ್ರ. ಹೆಂಡತಿ ಮಗಳ ಹತ್ತಿರ ವಾರ್ಡಿನಲ್ಲಿದ್ದಳು, ಮನೆಯಲ್ಲಿ ನಾನೊಬ್ಬನೇ. ಸಿಸ್ಟರು ಮಣೆ ಎಳೆದುಕೊಂಡು ಒಲೆಯಿಂದ ಸ್ವಲ್ಪ ದೂರ ಕುಳಿತು, ಬೈಯಲಿಲ್ಲ, ಪ್ರಶ್ನೆ ಕೇಳಲಿಲ್ಲ. ಮಗಳಿಗೆ ದಿನಾ ಏನು ಮಾಡುತ್ತೀರೋ ಅದನ್ನೇ ಈಗ ಮಾಡಿ, ನೋಡುತ್ತೇನೆ ಎಂದರು.

ನನಗೇನು ಭಯ! ಅನ್ನಕ್ಕಿಟ್ಟೆ. ಬೇಳೆ ಬೇಯಿಸಿದೆ. ಬೀನ್ಸ್ ಹೆಚ್ಚಿದೆ, ಅವರು ನನ್ನ ಕತ್ತಿಯ ವೇಗ ನೋಡಲಿ ಎಂದು ಬೇಕಿದ್ದಕ್ಕಿಂತ ಹೆಚ್ಚೇ ಹೆಚ್ಚಿದೆ. ಕಾಯಿ ತುರಿದೆ. ಒಗ್ಗರಣೆ ಕೊಟ್ಟೆ. ಡಬ್ಬಿ ತೆಗೆದು ಒಂದು ಚಿಟಿಕೆ ತೊವ್ವೆಗೆ, ಒಂದು ಚಿಟಿಕೆ ಪಲ್ಯಕ್ಕೆ.

“ಅದೆಂತ ಹಾಕಿದ್ದು?”

“ಅದು ಉಪ್ಪಲ್ಲ ಸಿಸ್ಟರ್. ಸೈಂಧವ.”

ಅವರು ಕೈ ಚಾಚಿದರು. ಡಬ್ಬಿ ಕೊಟ್ಟೆ. ಬೆರಳಿಗೆ ಅಂಟಿಸಿ ನಾಲಗೆಗಿಟ್ಟರು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ಉಪ್ಪುಪ್ಪು ಉಂಟಲ್ಲ ಭಟ್ರೇ?”

“ರುಚಿ ಹಾಗುಂಟು. ಆದ್ರೆ ಏಕಾದಶಿಗೆ ನಡೀತದೆ.”

“ಏಕಾದಶಿ ನಿಮ್ಗೆ. ಮಗುವಿನ ಕಿಡ್ನಿಗೆ ಎಂತದು ಏಕಾದಶಿ?”

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ನಾನು ಆಗಲೂ ವಾದ ಮಾಡಿದೆ. ಇಷ್ಟು ತಲೆಮಾರಿನಿಂದ ಇಷ್ಟು ಲಕ್ಷ ಜನ, ಮಠದವರು, ಸ್ವಾಮಿಗಳು, ಇದನ್ನು ಉಪ್ಪೆಂದು ಲೆಕ್ಕಕ್ಕೆ ಹಿಡಿದಿಲ್ಲ ಎಂದೆ. ಅವರಿಗೆಲ್ಲ ಆಗುತ್ತದೆ ಎಂದು ಸಿಸ್ಟರು ಒಪ್ಪಿದರು. ಅವರ ಮೈಯಲ್ಲಿ ಹೆಚ್ಚಾದದ್ದು ಹೊರಗೆ ಹೋಗುತ್ತದೆ, ನಿಮ್ಮ ಮಗಳ ಮೈಯಲ್ಲಿ ಉಳಿಯುತ್ತದೆ, ಕಲ್ಲಿನದ್ದಾದರೂ ಸಮುದ್ರದ್ದಾದರೂ ಒಂದೇ ಎಂದರು. ಹಾಗೆಯೇ ಹಪ್ಪಳದಲ್ಲಿ ಏನಿದೆ, ಇಡ್ಲಿ ಹಿಟ್ಟಿಗೆ ಹೋಟೆಲಿನಲ್ಲಿ ಹಾಕುವ ಸೋಡಾದಲ್ಲಿ ಏನಿದೆ ಎಂದು ಒಂದೊಂದಾಗಿ ಹೇಳಿದರು. ನನ್ನ ಅಡುಗೆಮನೆಯಲ್ಲಿ ನಿರಪರಾಧಿ ಎಂದು ಉಳಿದದ್ದು ಕಾಯಿ, ನಿಂಬೆ, ಕೊತ್ತಂಬರಿ ಸೊಪ್ಪು. ಇನ್ನು ಈ ಮಗು ತಿನ್ನುವುದೇನು ಎಂದು ಕೇಳಿದೆ.

ಉತ್ತರ ಬಾಗಿಲಿನಿಂದ ಬಂತು. ಕಿಸಕ್ಕೆಂದವಳೇ, ಪಕ್ಕದ ಖೋಲಿಯವಳು.

“ನಮ್ಮ ಜ್ವಾಳದ ರೊಟ್ಟಿಗೆ ಉಪ್ಪ ಹಾಕಂಗಿಲ್ರಿ ಬಾಯಾರ. ಹಿಟ್ಟ, ಕುದಿಯೂ ನೀರ, ಮುಗೀತು. ಆ ಕೂಸು ದಿನಾ ಬಂದು ಕೇಳತಿತ್ತು. ಭಟ್ಟರ ಮನಿ ಕೂಸು, ಕೊಟ್ರ ಏನಂತಾರೋ ಅಂತ ನಾನ ಕೊಟ್ಟಿಲ್ಲ.”

ಕೊಟ್ಟಿದ್ದರೆ ನಾನು ಏನೆನ್ನುತ್ತಿದ್ದೆ ಎಂಬುದು ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು. ಆ ರೊಟ್ಟಿಯನ್ನು ನಾನು ಹೋಟೆಲಿನಲ್ಲಿ ರಟ್ಟು ಎಂದು ಆಡಿಕೊಂಡವನು. ಅವಳು ಹೋಗಿ ಒಂದು ರೊಟ್ಟಿ ತಂದಳು, ಸಿಸ್ಟರು ಮುರಿದು ಬಾಯಿಗಿಟ್ಟು ಅಗಿದು, ಸಪ್ಪೆ ಎಂದು ತೀರ್ಪು ಕೊಟ್ಟರು. ಅಷ್ಟು ಗೌರವದಿಂದ ಸಪ್ಪೆ ಎಂಬ ಶಬ್ದವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅವಳ ಹತ್ತಿರ ಏನಾದರೂ ಹೇಳುವುದಿದ್ದರೆ ಹೇಳಿ ಎನ್ನುವ ಹಾಗೆ ಸಿಸ್ಟರು ನನ್ನ ಕಡೆ ನೋಡಿದರು. ನಾನು ಒಳ್ಳೆಯ ಕಾಯಿ ಎರಡು ಸುಲಿದು ಅವಳ ಕೈಗೆ ಕೊಟ್ಟೆ. ಅದನ್ನು ಏನೆಂದು ತೆಗೆದುಕೊಂಡಳೋ ಅವಳಿಗೇ ಗೊತ್ತು. ಗ್ಯಾಲರಿಗೆ ಹೋಗಿ ನಲ್ಲಿಯ ಹತ್ತಿರದವರಿಗೆಲ್ಲ ತೋರಿಸಿದಳು.

ಹೋಗುವಾಗ ಸಿಸ್ಟರು ಇನ್ನೊಂದು ಕಟ್ಟಳೆ ಹಾಕಿದರು. ಮಗಳಿಗೆ ಬೇರೆ ಪಾತ್ರೆ ಇಡಬಾರದು. ಮೂವರೂ ಒಂದೇ ಪಾತ್ರೆಯಿಂದ, ಅವಳ ಎದುರು, ಅವಳು ಉಣ್ಣುವುದನ್ನೇ ಉಣ್ಣಬೇಕು. ಇದು ಕಾಯಿಲೆ ಮಗುವಿನದ್ದು, ಪಥ್ಯ ಮನೆಯದ್ದು ಎಂದರು.

ಮಗಳು ಮನೆಗೆ ಬಂದ ದಿನ ನಾನು ಉಪ್ಪಿಲ್ಲದ ಸಾಂಬಾರು ಕಲಸಿ ಮೊದಲ ತುತ್ತು ಬಾಯಿಗಿಟ್ಟೆ. ಸಾಂಬಾರಿಗೆ ಉಪ್ಪಿಲ್ಲ ಎಂದು ಹೇಳುವ ಗಿರಾಕಿ ಕೊನೆಗೂ ಹುಟ್ಟಿದ, ಅವನು ನಾನೇ. ಉಗುಳುವ ಹಾಗಿಲ್ಲ, ಎದುರಿಗೆ ಮಗಳು ಕಣ್ಣು ಕೀಳದೆ ನೋಡುತ್ತಿದ್ದಾಳೆ. ನುಂಗಿ, ಚೆನ್ನಾಗಿದೆ ಎಂದೆ. ನನ್ನ ಜನ್ಮದಲ್ಲಿ ಅಡುಗೆಯ ವಿಷಯದಲ್ಲಿ ಹೇಳಿದ ಸುಳ್ಳು ಅದೊಂದೇ. ಅವಳು ನಂಬಲಿಲ್ಲ. ಆದರೆ ಅಪ್ಪಯ್ಯನ ಮುಖ ನೋಡಿ ನಗುತ್ತಾ ನಗುತ್ತಾ ಅರ್ಧ ತಟ್ಟೆ ಉಂಡಳು.

ಮರುದಿನದಿಂದ ನಾನು ರುಚಿ ನೋಡುವ ಅಡುಗೆಯವನಾದೆ. ಹೋಟೆಲಿನಲ್ಲಲ್ಲ, ಮನೆಯಲ್ಲಿ. ಉಪ್ಪಿಲ್ಲದ ಅಡುಗೆಯ ವಾಸನೆ ನನಗೆ ಏನನ್ನೂ ಹೇಳುತ್ತಿರಲಿಲ್ಲ, ನಾಲಗೆಗೇ ಕೇಳಬೇಕಾಯಿತು. ಜೀರಿಗೆ ಹುರಿದು ಹಾಕಿ ನೋಡಿದೆ, ನಿಂಬೆ ಹಿಂಡಿ ನೋಡಿದೆ, ಮಾವಿನಕಾಯಿ ಕಾಲದಲ್ಲಿ ಅದನ್ನು ತುರಿದು ನೋಡಿದೆ. ಎಂಜಲಿನ ವಿಷಯ ದೇವರು ಕೇಳಲಿಲ್ಲ, ಕೇಳುವ ಮುಖ ಅವನಿಗೂ ಇರಲಿಲ್ಲ. ಮಗಳು ನನ್ನ ಪ್ರಯೋಗಗಳಿಗೆ ಮರ್ಯಾದೆಗೆಂದು ಎರಡು ತುತ್ತು ಕೊಟ್ಟು, ಉಳಿದ ಹೊಟ್ಟೆಯನ್ನು ಪಕ್ಕದ ಖೋಲಿಯ ರೊಟ್ಟಿ ಮತ್ತು ಬೆಲ್ಲದಲ್ಲಿ ತುಂಬಿಸಿಕೊಳ್ಳುತ್ತಿದ್ದಳು. ಹೋಟೆಲಿನಲ್ಲಿ ನಾನು ಏನು ತಿನ್ನುತ್ತಿದ್ದೆ ಎಂಬುದು ಬೇರೆಯವರಿಗೆ ಸಂಬಂಧಪಟ್ಟ ವಿಷಯವಲ್ಲ.

ನಳಿಗೆ ಕುದಿಸುವುದು ನನ್ನ ಕೆಲಸ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಸ್ಟೋವ್ ಹಚ್ಚಿ ಹಿಡಿಯುತ್ತಿದ್ದೆ. ತಿಂಗಳಲ್ಲಿ ಬೆಳ್ಳಗಾಗುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಊತ ಬರಲಿಲ್ಲ. ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬಹುದು ಎಂದರು. ಮಾತ್ರೆ ಕಡಿಮೆ ಮಾಡಿದರು, ಕೊನೆಗೆ ನಿಲ್ಲಿಸಿದರು. ದೊಡ್ಡ ಡಾಕ್ಟರು ಮೆರವಣಿಗೆಗೆ ಅವಳನ್ನು ತೋರಿಸಿ ಬಹಳ ಹೊತ್ತು ಇಂಗ್ಲಿಷ್ ಮಾತಾಡಿದರು. ಅದರಲ್ಲಿ ರೊಟ್ಟಿಯ ಹೆಸರು ಬಂದ ಹಾಗೆ ಕಾಣಲಿಲ್ಲ.

ಮುಂದಿನ ಮಳೆಗಾಲದಲ್ಲಿ ಮಗಳಿಗೆ ನೆಗಡಿಯಾಯಿತು. ಮೂರನೆಯ ಬೆಳಿಗ್ಗೆ ನಳಿಗೆ ಹಿಡಿದರೆ ಮೇಲ್ಭಾಗ ಬೆಳ್ಳಗೆ ಮೋಡ ಕಟ್ಟಿತು. ಆಸಿಡಿನ ಹನಿ ಬಿಟ್ಟೆ, ಮೋಡ ಹೋಗಲಿಲ್ಲ. ಮಗಳ ಮುಖ ನೋಡಿದೆ, ಊತ ಇಲ್ಲ. ಕಾಲು ಒತ್ತಿದೆ, ಗುಳಿ ಇಲ್ಲ. ಆಡಿಕೊಂಡಿದ್ದ ಹುಡುಗಿ, ಯಾಕೆ ಒತ್ತುತ್ತೀರಿ ಎಂದು ಕಾಲು ಝಾಡಿಸಿದಳು. ಹೋಟೆಲಿಗೆ ರಜೆ ಹೇಳದೆ, ಮಳೆಯಲ್ಲೇ ಅವಳ ಕೈ ಹಿಡಿದುಕೊಂಡು ಲೋಕಲ್ ಹತ್ತಿದೆ. ದಾರಿಯುದ್ದಕ್ಕೂ ಅವಳು ಕಿಟಕಿಯಲ್ಲಿ ಎಮ್ಮೆ ಎಣಿಸಿದಳು, ನಾನು ದೇವರಿಗೆ ಹಿಂದೆ ಆಡಿದ ಮಾತುಗಳನ್ನೆಲ್ಲ ಒಂದೊಂದಾಗಿ ವಾಪಸು ತೆಗೆದುಕೊಂಡೆ.

ಸಿಸ್ಟರು ವಾರ್ಡಿನ ಬಾಗಿಲಲ್ಲಿ ನಿಂತು ನಾವು ವರಾಂಡದಲ್ಲಿ ಬರುವುದನ್ನೇ ನೋಡುತ್ತಿದ್ದರು. ನಾನು ನಳಿಗೆಯ ಸಮಾಚಾರ ಹೇಳಿದೆ. ಅವರು ಮಗಳ ರೆಪ್ಪೆ ನೋಡಿದರು, ಹೊಟ್ಟೆ ನೋಡಿದರು, ತೂಕ ನೋಡಿದರು, ಒಳಗೆ ಹೋಗಿ ಡಾಕ್ಟರ ಹತ್ತಿರ ಮಾತಾಡಿ ಮಾತ್ರೆಯ ಚೀಟಿ ತಂದರು.

“ಕಾಯಿಲೆ ಬಂದದ್ದು ಹೌದು ಭಟ್ರೇ. ಆದ್ರೆ ಈ ಸರ್ತಿ ಅದು ಮುಖಕ್ಕೆ ಬರುವ ಮೊದ್ಲೇ ನೀವು ಹಿಡಿದಿದ್ದೀರಿ. ಮಂಚ ಬೇಡ. ಮಾತ್ರೆ ಶುರು ಮಾಡಿ, ಉಪ್ಪು ಪುನಃ ಬಂದ್. ಮನೆಗೆ ಹೋಗಿ.”

ಮನೆಗೆ ಹೋಗಿ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುವುದು ವಾಡಿಕೆ. ಹಾಗೆ ಹೇಳಿದ ಎರಡು ಹೋಟೆಲಿನ ಮೆಟ್ಟಿಲನ್ನು ನಾನು ಮತ್ತೆ ತುಳಿದವನಲ್ಲ. ಅವತ್ತು ಮಾತ್ರ, ಸರಿ ಸಿಸ್ಟರ್ ಎಂದೆ. ಸಂಜೆಯ ತಿಂಡಿಗೆ ಇನ್ನೂ ಹೊತ್ತಿತ್ತು, ಆದರೆ ಹೋಟೆಲಿಗೆ ಹೋಗಲಿಲ್ಲ. ಮಗಳನ್ನು ಕರೆದುಕೊಂಡು ಅಂಧೇರಿಗೆ ಬಂದು, ಕೈಕಾಲು ತೊಳೆದು, ಮೂವರಿಗೂ ಸಪ್ಪೆ ಅಡುಗೆ ಮಾಡಿದೆ.